ಹತ್ತು ಗಂಟೆಯ ನೀರು

೫ ಸೆಪ್ಟೆಂಬರ್ ೧೯೮೩, ಸೋಮವಾರ

ಇಂದಿನಿಂದ ಇದರಲ್ಲಿ ಬರೆಯಬೇಕೆಂದಿದ್ದೇನೆ. ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ. ಗೌರಕ್ಕ ಕಾಕು, ಯಾರು ಹೋಗು ಅಂದಿದ್ದರು ನಿನಗೆ ಕೆಲಸಕ್ಕೆ, ಅನ್ನುತ್ತಾಳೆ. ಅಪ್ಪನ ತಮ್ಮ ಕುಬೇರಪ್ಪ ಕಾಕಾ ಬರೇ ನಗುತ್ತಾರೆ.

ಹುಬ್ಬಳ್ಳಿಯ ಒಂದು ಬೀಜದ ಕಂಪನಿಯವರು ಕಾಕಾನ ಹೊಲದಲ್ಲಿ ಒಂದೂವರೆ ಎಕರೆ ಹೈಬ್ರಿಡ್ ಹತ್ತಿ ಬೀಜ ಮಾಡಿಸುತ್ತಿದ್ದಾರೆ. ನಮ್ಮ ಊರು ಕುಬಿಹಾಳದಲ್ಲಿ ಇದೇ ಮೊದಲು. ಮೇಲ್ವಿಚಾರಣೆಗೆ ಓದುಬರಹ ಬಲ್ಲ ಹೆಣ್ಣುಮಗಳು ಬೇಕು ಅಂದಾಗ ಊರಲ್ಲಿ ಪಿಯುಸಿ ಮುಗಿಸಿದವಳು ನಾನೊಬ್ಬಳೇ ಸಿಕ್ಕೆ. ನನ್ನ ಗಂಡ ತೀರಿಕೊಂಡು, ನಾನು ಕಾಕಾನ ಮನೆಗೆ ಮರಳಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ, ರೇವವ್ವ, ನೀನು ಬೇಕು ಅಂತ ಯಾರಾದರೂ ಅಂದದ್ದು ಇದೊಂದೇ ಸಲ.

ಕೆಲಸ ನೋಡಲು ಹಗುರ, ಮಾಡಲು ನಾಜೂಕು. ಮಧ್ಯಾಹ್ನ ಮೂರರ ಮೇಲೆ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಹುಡುಕಿ, ಹೆಬ್ಬೆರಳ ಉಗುರಿನಿಂದ ಸುಲಿದು, ಒಳಗಿನ ಗಂಡು ಎಳೆಗಳನ್ನೆಲ್ಲ ತೆಗೆದು ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಚೀಲ ತೆಗೆದು, ಗಂಡು ಸಾಲಿನ ಹೂ ತಂದು ಅದಕ್ಕೆ ಸವರಿ, ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹನ್ನೊಂದು ದಾಟಿತೋ, ಆ ದಿನದ ಹೂ ಕೆಟ್ಟಂತೆ. ಕೆಳಗಿನ ಓಣಿಯ ಹನ್ನೆರಡು ಹೆಣ್ಣಾಳು ಬರುತ್ತಾರೆ.

ಇವತ್ತಿನ ಎಣಿಕೆ: ನೂರು ಹೂವಿಗೆ ಮೂವತ್ತೊಂದು ಕಾಯಿ ನಿಂತಿವೆ, ಉಳಿದದ್ದೆಲ್ಲ ಉದುರಿದೆ. ದಸರೆಯ ಹೊತ್ತಿಗೆ ನಲವತ್ತೈದು ಮುಟ್ಟದಿದ್ದರೆ ಪ್ಲಾಟು ರದ್ದು ಅಂತ ಕಂಪನಿಯ ಬಾಬಾಸಾಬ ನದಾಫ ಸಾಹೇಬರು ಹೇಳಿಹೋಗಿದ್ದಾರೆ. ಆಗ ನನ್ನ ಕೆಲಸವೂ ಹೋಯಿತು, ಈ ಹೆಣ್ಣಾಳುಗಳ ಕೂಲಿಯೂ ಹೋಯಿತು.

ಹೋಗಗೊಡುವುದಿಲ್ಲ.

೯ ಸೆಪ್ಟೆಂಬರ್, ಶುಕ್ರವಾರ

ಹೊತ್ತು ಎಲ್ಲಿ ಹಾಳಾಗುತ್ತಿದೆ ಎಂದು ಗೊತ್ತಾಯಿತು. ಮೂರು ದಿನ ಗಡಿಯಾರ ಹಿಡಿದು ಕೂತು ನೋಡಿದೆ. ಸರಿಯಾಗಿ ಹತ್ತಕ್ಕೆ, ಹೂವಿಗೆ ಕೈ ಬೇಕಾದ ಹೊತ್ತಿಗೇ, ನಾಲ್ಕು ಮಂದಿ ನೀರು ಕುಡಿಯಲು ಹಳ್ಳಕ್ಕೆ ಹೋಗುತ್ತಾರೆ. ಅವರು ಬಂದ ಮೇಲೆ ಇನ್ನು ನಾಲ್ಕು ಮಂದಿ. ಹೋಗಿ ಬರಲು ಮುಕ್ಕಾಲು ತಾಸು. ಹೊಲದಲ್ಲಿ ಬಾವಿ ಇದೆ, ಆದರೆ ಅದು ಅವರಿಗಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು, ಇಲ್ಲಿ ಬರೆಯುವಂಥದ್ದೇನಿಲ್ಲ. ಮನೆಯಿಂದ ಹೊರಡುವಾಗಲೇ ಹೊಟ್ಟೆ ತುಂಬ ಕುಡಿದು ಬರಬಾರದೇ? ನಾನು ತಂಬಿಗೆ ತರುತ್ತೇನೆ, ಸಂಜೆಯ ತನಕ ಅದು ನನಗೆ ಸಾಕು.

ಕಂಪನಿಯ ವಾರದ ವರದಿಯಲ್ಲಿ ‘ಕೆಲಸ ಕಡಿಮೆಯಾಗಲು ಕಾರಣ’ ಅಂತ ಬರೆದು ತುಂಬಬೇಕಾದ ಒಂದು ಮನೆ ಇದೆ. ‘ಆಲಸ್ಯ’ ಎಂದು ಬರೆದೆ.

೧೩ ಸೆಪ್ಟೆಂಬರ್, ಮಂಗಳವಾರ

ಬೈದರೆ ಉಪಯೋಗವಿಲ್ಲ. ಬೇರೆ ದಾರಿ ಹಿಡಿದಿದ್ದೇನೆ. ಯಾರ ಸಾಲಿನಲ್ಲಿ ಹೆಚ್ಚು ಹೂ ಕಟ್ಟುತ್ತದೋ ಅವಳಿಗೆ ವಾರಕ್ಕೊಂದು ಖಣ ಎಂದು ಹೇಳಿದೆ. ಕುಪ್ಪಸಕ್ಕಾಗುವ ಗುಳೇದಗುಡ್ಡದ ಹಸಿರು ಖಣ, ನನ್ನ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದದ್ದು. ನೋಡಿದ ಕೂಡಲೇ ಕೈ ಚುರುಕಾದವು.

೧೭ ಸೆಪ್ಟೆಂಬರ್, ಶನಿವಾರ

ಖಣ ದುಂಡವ್ವನಿಗೆ ಹೋಯಿತು. ಐವತ್ತು ದಾಟಿದವಳು, ಮಾತು ಕಡಿಮೆ, ಉಗುರು ಮಾತ್ರ ಅಗದಿ ಹದ. ಅವಳು ಸುಲಿದ ಮೊಗ್ಗಿಗೆ ಗೀರು ಸಹ ಬೀಳುವುದಿಲ್ಲ. ಉಳಿದವರು ಅವಳಿಗಿಂತ ಮುಂದೆ ಹೋಗುವ ಅವಸರಕ್ಕೆ ಬಿದ್ದು ಎಳೆಯ ಕಾಯಿಗೇ ಉಗುರು ತಾಗಿಸಿದ್ದಾರೆ. ಈ ವಾರದ ಎಣಿಕೆ ಇಪ್ಪತ್ತೇಳು. ಮೊದಲಿಗಿಂತ ಕೆಳಗೆ.

ಸಂಜೆ ದುಂಡವ್ವ ಖಣ ತಂದು ಬದುವಿನ ಕಲ್ಲಿನ ಮೇಲೆ ಇಟ್ಟಳು. ಇದನ್ನು ತೊಟ್ಟುಕೊಂಡರೆ ಹನ್ನೊಂದು ಮಂದಿ ತನ್ನ ಮಾರಿ ನೋಡುವುದಿಲ್ಲ, ಬೇಡ ಎಂದಳು. ನನಗೆ ಸಿಟ್ಟು ಬಂತು. ಕೊಟ್ಟದ್ದನ್ನು ತಿರುಗಿಸುವುದೆಂದರೆ ಏನು?

೨೦ ಸೆಪ್ಟೆಂಬರ್, ಮಂಗಳವಾರ

ನದಾಫ ಸಾಹೇಬರು ರಾಜದೂತ್ ಗಾಡಿಯ ಮೇಲೆ ಬಂದರು. ಸಾಲು ಸಾಲು ನೋಡಿದರು. ಬೈಯಲಿಲ್ಲ, ಅದೇ ಹೆಚ್ಚು ಕೆಟ್ಟದ್ದೆನಿಸಿತು. ಈ ಆಳುಗಳನ್ನು ಬಿಡಿಸಿರಿ, ಸವಣೂರ ಕಡೆ ಎರಡು ಹಂಗಾಮು ಕ್ರಾಸಿಂಗ್ ಮಾಡಿದವರಿದ್ದಾರೆ, ಲಾರಿಯಲ್ಲಿ ಕಳಿಸುತ್ತೇನೆ ಎಂದರು. ದಸರೆಯ ತನಕ ಬಿಡಿರಿ ಎಂದು ಕೇಳಿಕೊಂಡೆ. ಯಾವ ಧೈರ್ಯದ ಮೇಲೆ ಕೇಳಿದೆನೋ ತಿಳಿಯದು. ಹೂಂ ಎಂದು ಹೋದರು.

ಒಂದೊಂದಾಗಿ ಸರಿಮಾಡುತ್ತೇನೆ. ಮೊದಲು ಹತ್ತು ಗಂಟೆಯ ನೀರು.

೨೨ ಸೆಪ್ಟೆಂಬರ್, ಗುರುವಾರ

ಬೇವಿನ ಮರದ ಕೆಳಗೆ ದೊಡ್ಡ ಮಣ್ಣಿನ ಹರವಿ ಇಡಿಸಿದೆ. ಬಾವಿಯಿಂದ ನಾನೇ ಎಂಟು ಕೊಡ ಸೇದಿ ತುಂಬಿದೆ, ಅಂಗೈ ಕೆಂಪಾಗಿದೆ. ಹತ್ತಕ್ಕೆ ಒಬ್ಬೊಬ್ಬರಾಗಿ ಬಂದು ಬೊಗಸೆ ಹಿಡಿಯಿರಿ, ಮೇಲಿಂದ ನಾನು ಹೊಯ್ಯುತ್ತೇನೆ ಎಂದು ಹೇಳಿದ್ದೇನೆ. ಕಾಕಾ ಕೇಳಿ ಬೇಡ ಅನ್ನಲಿಲ್ಲ. ಕಾಕು ಮಾತ್ರ, ಕುಬೇರಪ್ಪಗೌಡರ ಮನಿ ಮಗಳು ಆಳಿಗೆ ನೀರು ಹೊಯ್ಯೂದು ಊರಾಗ ಯಾರೂ ನೋಡಿದ್ದಿಲ್ಲ, ಅದೊಂದು ಉಳಿದಿತ್ತು, ಅಂದಳು.

ದಿನಕ್ಕೆ ಒಂದು ತಾಸು ಉಳಿಯುತ್ತದೆ. ಇದು ಮೊದಲೇ ಯಾಕೆ ಹೊಳೆಯಲಿಲ್ಲ!

೨೪ ಸೆಪ್ಟೆಂಬರ್, ಶನಿವಾರ

ಯಾರೂ ಕುಡಿಯಲಿಲ್ಲ.

ಮೂರು ದಿನದಿಂದ ಹರವಿ ತುಂಬಿದ್ದು ತುಂಬಿದಂತೆಯೇ ಇದೆ. ಹತ್ತಾದರೆ ಅದರ ಬಾಜೂಕೇ ಹಾದು ಹಳ್ಳಕ್ಕೆ ಹೋಗುತ್ತಾರೆ. ಸಾವಂತ್ರೆವ್ವ ಎಂಬ ಹುಡುಗಿ ಮೊಲೆ ಕುಡಿಯುವ ಕೂಸಿನ ತಾಯಿ. ಇವತ್ತು ಬಿಸಿಲಿಗೆ ಸಾಲಿನಲ್ಲೇ ಕುಸಿದಳು. ನಾನು ಚರಿಗೆ ಹಿಡಿದು ಓಡಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಬಾಯಿ ತೆರೆಯಲಿಲ್ಲ. ಯಾರೋ ಹಳ್ಳದ ನೀರು ತಂದ ಮೇಲೆ ಕುಡಿದಳು.

ದುಂಡವ್ವನನ್ನು ಕರೆದು ಕೇಳಿದೆ. “ನೀರು ಇಲ್ಲೇ ಐತಲ್ಲ. ಯಾಕ ಕುಡೀವಲ್ರಿ? ನನ್ನ ಮ್ಯಾಲೆ ಹಟಾನ?”

ಅವಳು ಹೂವಿಗೆ ದಾರ ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು. “ಹಟ ಅಲ್ರಿ ಅಕ್ಕಾರ. ಮ್ಯಾಲಿಂದ ಹೊಯ್ದದ್ದು ಕುಡದು ಕುಡದು ಈ ವಯಸ್ಸಿಗೆ ಬಂದೀವಿ. ಹಳ್ಳದಾಗ ನಮ್ಮ ಕೈಲೆ ತಗೊಂಡು ಕುಡೀತೀವಿ. ದೂರ ಆದ್ರೂ ಅಡ್ಡಿಲ್ಲ.”

ವರದಿಯ ಆ ಮನೆಯಲ್ಲಿ ‘ಸೊಕ್ಕು’ ಎಂದು ಬರೆಯಲು ಹೋದೆ. ಬರೆಯಲಿಲ್ಲ. ಖಾಲಿ ಬಿಟ್ಟು ಕಳಿಸಿದೆ.

೨೬ ಸೆಪ್ಟೆಂಬರ್, ಸೋಮವಾರ

ಇಪ್ಪತ್ತೊಂಬತ್ತು.

೨೭ ಸೆಪ್ಟೆಂಬರ್, ಮಂಗಳವಾರ

ಕಾಕಾ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. ಅವರೇ ಬಾವಿಯಲ್ಲಿ ಸೇದಿಕೊಳ್ಳಲಿ, ಕೊಡ ಅವರದೇ ಇರಲಿ ಎಂದೆ. ಕಾಕಾ ಸಿಟ್ಟಾಗಲಿಲ್ಲ. ತನಗೇನೂ ಇಲ್ಲ, ಊರ ಮಂದಿ ಏನಂದಾರು ಎಂಬುದೊಂದೇ ಎಂದರು. ಕಾಯ್ದೆ ಇದೆಯಲ್ಲ ಎಂದೆ. “ಕಾಯ್ದೆ ಹುಬ್ಬಳ್ಳ್ಯಾಗ ಐತಿ, ಬಾವಿ ಇಲ್ಲೈತಿ” ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಬೀಜ ಬಾರದಿದ್ದರೆ ನಷ್ಟ ನಿಮಗೇ ಎಂದು ಲೆಕ್ಕ ಬಿಡಿಸಿ ಹೇಳಿದೆ. ಹಾಗಾದರೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕರೆ ಅಂದರು. ಅವರಲ್ಲಿ ಯಾರೂ ಕೂಲಿಗೆ ಬರುವುದಿಲ್ಲ, ಬಂದರೂ ಕಲಿಸಲು ಹೊತ್ತಿಲ್ಲ. ಕಾಕಾನಿಗೂ ಅದು ಗೊತ್ತು.

ಬಿಡುವುದಿಲ್ಲ ನಾನು.

೨೯ ಸೆಪ್ಟೆಂಬರ್, ಗುರುವಾರ

ಕಾಕಾ ಒಲ್ಲೆ ಅಂದರೂ ಮೇಲ್ವಿಚಾರಕಿ ನಾನು, ನನ್ನ ಮಾತಿನ ಮೇಲೆ ಸೇದಿಕೊಳ್ಳಿರಿ ಎಂದು ದುಂಡವ್ವನಿಗೆ ಹೇಳಿದೆ. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯೊಳಗಿನ ದಾರ ಕೆಳಗಿಟ್ಟಳು.

“ನಿಮ್ಮ ಮಾತಿನ ಮ್ಯಾಲೆ ನಾವು ಸೇದಿದ್ರ, ನಾಳೆ ನೀವು ನಿಮ್ಮ ಮನೀಗೆ ಹೋಗ್ತೀರಿ. ನಾವು ಓಣ್ಯಾಗ ಇರಬೇಕಲ್ರಿ. ಗಿರಣಿ ಮ್ಯಾಲಿನ ಓಣಿಯವರದು, ದುಕಾನ ಅವರದು. ಎರಡ ದಿನ ತಡೀರಿ. ಕೂಡಿ ಮಾತಾಡ್ತೀವಿ.”

ನಾನು ಇದನ್ನು ಯೋಚಿಸಿರಲಿಲ್ಲ. ನನಗೆ ಕಂಡದ್ದು ಒಂದು ತಾಸು, ಅಷ್ಟೇ.

೧ ಅಕ್ಟೋಬರ್, ಶನಿವಾರ

ಸಂಜೆ ಚೀಲ ತೊಡಿಸುವುದು ಮುಗಿದ ಮೇಲೆ ಹನ್ನೆರಡೂ ಮಂದಿ ಬೇವಿನ ಮರದ ಕೆಳಗೆ ಬಂದು ನಿಂತರು. ದುಂಡವ್ವ ಎಲ್ಲರ ಪರವಾಗಿ ಮಾತಾಡಿದಳು. ಸೋಮವಾರ ಸೇದುತ್ತಾರಂತೆ. ಒಬ್ಬಿಬ್ಬರಲ್ಲ, ಹನ್ನೆರಡೂ ಮಂದಿ ಹಗ್ಗಕ್ಕೆ ಕೈ ಹಚ್ಚುತ್ತಾರಂತೆ, ಯಾರು ಮೊದಲು ಎಂದು ಯಾರೂ ಬೆರಳು ತೋರಿಸಬಾರದು ಎಂದು. ಆಗಲಿ, ನಾನು ಬಾಜೂಕೇ ನಿಂತಿರುತ್ತೇನೆ ಎಂದೆ.

“ನಿಂತ್ರ ಆಗೂದಿಲ್ರಿ ಅಕ್ಕಾರ,” ಅಂದಳು. “ನಾವು ಸೇದಿದ್ದನ್ನ ನೀವೂ ಕುಡೀಬೇಕು. ಎಲ್ಲಾರ ಮುಂದ.”

ಅವಳು ಕಾದಳು. ಸಾವಂತ್ರೆವ್ವನ ಕೂಸು ಅಳುತ್ತಿತ್ತು. ಕೊನೆಗೆ, ಸೋಮವಾರ ಬೇಗ ಬರ್ರಿ, ಗಂಡು ಹೂ ಬಹಳ ಅವ ಎಂದಷ್ಟೇ ಹೇಳಿ ಮನೆಗೆ ಬಂದೆ.

೩ ಅಕ್ಟೋಬರ್, ಸೋಮವಾರ

ಹತ್ತಕ್ಕೆ ಐದು ನಿಮಿಷ ಇರುವಾಗ ಸೇದಿದರು. ಕೊಡ ದುಂಡವ್ವನ ಮನೆಯದು, ತಳಕ್ಕೆ ಬೆಸುಗೆ ಹಾಕಿದ್ದು. ನೀರು ಸಿಹಿ, ಅಗದಿ ತಣ್ಣಗೆ. ಎರಡು ಸಲ ಕುಡಿದೆ, ಬಿಸಿಲು ಬಹಳ ಇತ್ತು.

ಎಲ್ಲ ಸೇರಿ ಹನ್ನೆರಡು ನಿಮಿಷ. ಹತ್ತೂಕಾಲರೊಳಗೆ ಎಲ್ಲರೂ ಸಾಲಿಗೆ ಮರಳಿದ್ದರು. ಹನ್ನೊಂದಾದಾಗ ಕೆಂಪು ಚೀಲ ಉಳಿದ ಒಂದು ಹೂವೂ ಇರಲಿಲ್ಲ. ಹಂಗಾಮು ಶುರುವಾದ ಮೇಲೆ ಇದೇ ಮೊದಲು. ಕೆಂಪು ಕಾಗದ ತೀರುತ್ತ ಬಂದಿದೆ, ಹುಬ್ಬಳ್ಳಿಗೆ ಹೇಳಿ ಕಳಿಸಬೇಕು.

೪ ಅಕ್ಟೋಬರ್, ಮಂಗಳವಾರ

ನಿನ್ನೆ ಸಂಜೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಊರ ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಒಳಗೆ ಹೋದೆ. ಕಾಕು ನನ್ನ ತಾಟನ್ನು ಹೊರಗೆ ಪಡಸಾಲೆಯಲ್ಲಿ ಇಟ್ಟಿದ್ದಳು. ರೊಟ್ಟಿ ತಣ್ಣಗಾಗಿತ್ತು. ಹಸಿವೆ ಇತ್ತು, ಉಂಡೆ.

ಊರ ಗಿರಣಿಯಲ್ಲಿ ದುಂಡವ್ವನ ಓಣಿಯವರ ಜೋಳ ಬೀಸುವುದಿಲ್ಲ ಎಂದಿದ್ದಾರಂತೆ. ಆರು ಮಂದಿ ಇವತ್ತು ಬೆಳಗಿನ ಜಾವ ಚೀಲ ಹೊತ್ತು ಬಾಜೂ ಊರಿನ ಗಿರಣಿಗೆ ನಡೆದು ಹೋಗಿ ಬಂದರು. ಎಂಟಕ್ಕೆ ಹೊಲದಲ್ಲಿದ್ದರು. ಮೈಮೇಲೆಲ್ಲ ಹಿಟ್ಟು.

ಬಾವಿಗೆ ಹೋದರೆ ಹಗ್ಗ ಇಲ್ಲ, ರಾಟಿಯೂ ಇಲ್ಲ. ಕಾಕಾ ಬಿಚ್ಚಿಸಿ ಹೊಲದ ಗುಡಿಸಲಲ್ಲಿ ಇಡಿಸಿ ಕೀಲಿ ಹಾಕಿಸಿದ್ದರು.

೫ ಅಕ್ಟೋಬರ್, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಒಂಬತ್ತಕ್ಕೆ ಹೂ ಅರಳಿದವು. ಹನ್ನೆರಡೂ ಮಂದಿ ಬಂದಿದ್ದರು, ಸಾಲಿಗೆ ಇಳಿಯಲಿಲ್ಲ. ಬದುವಿನ ಮೇಲೆ ಕೂತರು. ಬೈಗುಳ ಇಲ್ಲ, ಕೂಗಾಟ ಇಲ್ಲ, ಸುಮ್ಮನೆ ಕೂತರು. ದುಂಡವ್ವ ತಮ್ಮ ಉಗುರನ್ನು ಕಲ್ಲಿಗೆ ತಿಕ್ಕಿ ಹದ ಮಾಡಿಕೊಳ್ಳುತ್ತಿದ್ದರು. ನನ್ನ ಕೆಲಸ ಅವರನ್ನು ಎಬ್ಬಿಸುವುದು. ನಾನೂ ಕೂತೆ.

ಯಾರು ಹೇಳಿದರೋ, ಒಂಬತ್ತೂವರೆಗೆ ಕಾಕಾ ಬಂದರು. ಒಂದೂವರೆ ಎಕರೆಯ ತುಂಬ ಹೂ ಬಾಯಿ ಬಿಟ್ಟು ನಿಂತಿತ್ತು. ಸವರುವ ಕೈ ಒಂದೂ ಇರಲಿಲ್ಲ. ಕಾಕಾ ಹೊಲ ನೋಡಿದರು, ಅವರನ್ನು ನೋಡಿದರು, ಆಮೇಲೆ ನನ್ನನ್ನು. ಇಷ್ಟು ದಿನ ಉಪ್ಪು ಹಾಕಿದ ಮನೆಗೆ ಇದನ್ನು ಮಾಡುತ್ತೀಯಾ ಎಂದು ಕೇಳಿದರು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿ ಓದಿಸಿದವರು ಅವರೇ. ಆದರೂ ಹೇಳಬೇಕಾದದ್ದನ್ನು ಹೇಳಿದೆ.

“ಕಾಕಾ, ಹನ್ನೊಂದರ ತನಕ ಈ ಹೂವಿಗೆ ಜೀವ. ಆಮ್ಯಾಲೆ ನೀವು ಹಗ್ಗ ಕೊಟ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಾವು ನಾಳೆನೂ ಹಿಂಗ ಕೂಡತೀವಿ.”

ಅವರು ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತಾಗಲು ನಾಲ್ಕು ನಿಮಿಷ ಇರುವಾಗ ಗುಡಿಸಲ ಕೀಲಿ ತೆಗೆದು ಹಗ್ಗವನ್ನೂ ರಾಟಿಯನ್ನೂ ತಂದು ಬಾವಿಯ ಕಟ್ಟೆಯ ಮೇಲೆ ಒಗೆದು, ಯಾರ ಕಡೆಗೂ ನೋಡದೆ ಹೋಗಿಬಿಟ್ಟರು.

ದುಂಡವ್ವ ಎದ್ದರು. “ಮೊದ್ಲು ಹೂವು, ಆಮ್ಯಾಲೆ ನೀರು” ಎಂದರು. ಎಲ್ಲರೂ ಸಾಲಿಗೆ ಇಳಿದರು. ಇಂಥ ಕೈ ನಾನು ನೋಡಿರಲಿಲ್ಲ. ಹನ್ನೊಂದಾಗುವಷ್ಟರಲ್ಲಿ ಹೊಲದ ಮುಕ್ಕಾಲು ಭಾಗ ಮುಗಿದಿತ್ತು.

೧೨ ಅಕ್ಟೋಬರ್, ಬುಧವಾರ

ನಲವತ್ತೊಂಬತ್ತು. ಎರಡು ಸಲ ಎಣಿಸಿದೆ.

ಒಂದು ಮಾತು ತಿಳಿಯುತ್ತಿಲ್ಲ. ಹಳ್ಳಕ್ಕೆ ಹೋಗುವ ತಾಸು ಉಳಿದದ್ದಕ್ಕೆ ಏಳೆಂಟು ಹೆಚ್ಚಾಗಬೇಕಿತ್ತು. ಇದು ಇಪ್ಪತ್ತು ಹೆಚ್ಚು. ಉಳಿದದ್ದು ಎಲ್ಲಿಂದ ಬಂತು?

ಕೂಲಿ ಅಷ್ಟೇ ಇದೆ, ಬಿಸಿಲೂ ಅಷ್ಟೇ. ಬದಲಾದದ್ದೆಲ್ಲ ಸಣ್ಣ ಸಣ್ಣದು. ಮರೆವ್ವ ಇದ್ದಾರಲ್ಲ, ಎಲ್ಲರಿಗಿಂತ ಹಿರಿಯರು, ಅವರ ಸಾಲಿನಲ್ಲಿ ಯಾವಾಗಲೂ ಕಾಯಿ ಕಡಿಮೆ. ಮೈಗಳ್ಳಿ ಎಂದೇ ತಿಳಿದಿದ್ದೆ. ಅವರ ಕಣ್ಣಿಗೆ ಪೊರೆ ಬಂದಿದೆಯಂತೆ, ಮೊಗ್ಗಿನ ಒಳಗಿನ ಎಳೆ ಕಾಣುವುದಿಲ್ಲ. ಹೇಳಿದರೆ ಬಿಡಿಸುತ್ತೇನೆಂದು ಇಷ್ಟು ದಿನ ಮುಚ್ಚಿಟ್ಟಿದ್ದರು. ಈಗ ಹೇಳಿದರು. ಗಂಡು ಹೂ ಕಿತ್ತು ಬುಟ್ಟಿಯಲ್ಲಿ ಹಂಚುವ ಕೆಲಸ ಅವರಿಗೆ ಕೊಡಿಸಿದ್ದು ದುಂಡವ್ವ. ಸಾವಂತ್ರೆವ್ವ ಕೂಸಿಗೆ ಹಾಲು ಕುಡಿಸುವ ಹೊತ್ತಿಗೆ ಬಾಜೂ ಸಾಲಿನವರು ಅವಳ ಸಾಲು ಹಿಡಿಯುತ್ತಾರೆ. ಉಗುರು ಹ್ಯಾಗೆ ಹಿಡಿಯಬೇಕು ಎಂದು ದುಂಡವ್ವ ಎಲ್ಲರಿಗೂ ತೋರಿಸಿಕೊಟ್ಟಿದ್ದಾರೆ. ಖಣ ಇಟ್ಟಾಗ ಇದನ್ನು ಯಾರಿಗೂ ತೋರಿಸಿರಲಿಲ್ಲ. ನಾನೂ ಕಲಿಯುತ್ತಿದ್ದೇನೆ. ಇವತ್ತು ಹತ್ತು ಮೊಗ್ಗಿಗೆ ನಾಲ್ಕು ಕೆಡಿಸಿದೆ. ಸಾವಂತ್ರೆವ್ವ, ಅಕ್ಕಾರಿಗೆ ಖಣ ಇಲ್ಲ ಎಂದಳು. ಎಲ್ಲರೂ ನಕ್ಕರು.

೧೪ ಅಕ್ಟೋಬರ್, ಶುಕ್ರವಾರ

ನದಾಫ ಸಾಹೇಬರು ತಾವೇ ಎಣಿಸಿದರು. ಐವತ್ತೆರಡು. ಪ್ಲಾಟು ಉಳಿಯಿತು.

ವರದಿಯ ಹಾಳೆ ತೆಗೆದು ‘ಸುಧಾರಣೆಗೆ ಕಾರಣ’ ಎಂಬಲ್ಲಿ ‘ಮೇಲ್ವಿಚಾರಕಿಯ ಶಿಸ್ತು’ ಎಂದು ಬರೆಯತೊಡಗಿದರು. ಅದು ಅಲ್ರಿ ಎಂದೆ. ಮತ್ತೇನು ಎಂದು ಕೇಳಿದರು. ನಡೆದದ್ದನ್ನು ಮೊದಲಿಂದ ಕೊನೆಯ ತನಕ ಹೇಳಿದೆ. ಪೆನ್ನು ಹಿಡಿದುಕೊಂಡೇ ಕೇಳಿದರು.

“ಇದನ್ನ ಬರದ್ರ ಆಫೀಸಿನ್ಯಾಗ ತಿಳಿಯೂದಿಲ್ರಿ.”

“ತಿಳೀಲಿಕ್ಕೇ ಬರೀರಿ.”

ಹೊಡೆದುಹಾಕಿ ಬರೆದರು: ‘ಆಳುಗಳು ಹೊಲದ ಬಾವಿಯಲ್ಲಿ ತಾವೇ ನೀರು ಸೇದಿಕೊಳ್ಳುವಂತಾದದ್ದು. ಕೆಲಸವನ್ನು ತಾವೇ ಹಂಚಿಕೊಂಡದ್ದು.’ ಆಮೇಲೆ ಕೊಡದಿಂದ ತಾವೂ ನೀರು ಬಗ್ಗಿಸಿಕೊಂಡು ಕುಡಿದು ಗಾಡಿ ಹತ್ತಿದರು.

೨೧ ನವೆಂಬರ್, ಸೋಮವಾರ

ಬಹಳ ದಿನ ಬರೆಯಲಿಲ್ಲ. ಕ್ರಾಸಿಂಗ್ ಮುಗಿಯಿತು, ಕಾಯಿ ಒಡೆಯತೊಡಗಿವೆ. ಗಿರಣಿಯವನು ತಾನಾಗಿಯೇ ಜೋಳ ಬೀಸಲು ಶುರುಮಾಡಿದ್ದಾನೆ, ಗಿರಾಕಿ ಕಡಿಮೆಯಾದದ್ದು ಅವನಿಗೇ ತಟ್ಟಿತು. ಮನೆಯಲ್ಲಿ ಮಾತ್ರ ನನ್ನ ತಾಟು ಒಳಗೆ ಬರಲಿಲ್ಲ. ಮುಂದಿನ ವರ್ಷ ತನ್ನ ಹೊಲದಲ್ಲಿ ಬೀಜ ಇಲ್ಲ ಎಂದು ಕಾಕಾ ಹೇಳಿದರು. ದನಿ ಏರಿಸಲಿಲ್ಲ.

ಕುಂದಗೋಳ ದಾರಿಯಲ್ಲಿ ಹೊಲ ಇರುವ ಯಾಕೂಬಸಾಬರ ಮನೆಯ ಮುಂದಿನ ಕೋಣೆಗೆ ಬಂದಿದ್ದೇನೆ. ಪೆಟ್ಟಿಗೆ ಹೊರುವಾಗ ಕಾಕಾ ಅಂಗಳದಲ್ಲೇ ಇದ್ದರು. ಕಾಲು ಮುಟ್ಟಿದೆ. ಕೈ ಎತ್ತಿ ತಲೆಯ ಮೇಲೆ ಇಟ್ಟರು. ದಾರಿಯುದ್ದಕ್ಕೂ ಅತ್ತೆ. ಇಲ್ಲಿ ಬಂದು ಒಲೆ ಹೂಡಿದೆ.

೧೯ ಜನವರಿ ೧೯೮೪, ಗುರುವಾರ

ನದಾಫ ಸಾಹೇಬರು ಬಂದಿದ್ದರು. ಅಣ್ಣಿಗೇರಿಯಲ್ಲಿ ಕಂಪನಿ ಹತ್ತು ಎಕರೆ ಹಿಡಿಯುತ್ತಿದೆ. ನಾನು ಅಲ್ಲಿಗೆ ಹೋದರೆ ಪಗಾರ ಹೆಚ್ಚು, ಇರಲು ಮನೆ. ಇಲ್ಲಿ ಯಾಕೂಬಸಾಬರು ಎರಡು ಎಕರೆ ಕೊಡಲು ಒಪ್ಪಿದ್ದಾರೆ, ಅದರ ಮೇಲ್ವಿಚಾರಣೆಗೆ ಹುಬ್ಬಳ್ಳಿಯಿಂದ ಬೇರೆಯವರು ಬರುತ್ತಾರಂತೆ. ಇಲ್ಲಿಯ ಹನ್ನೆರಡು ಮಂದಿ ಆ ಕೆಲಸಕ್ಕೆ ಬರುತ್ತಾರೋ ಇಲ್ಲವೋ ಇವತ್ತೇ ಕೇಳಿ ಹೇಳಿರಿ ಎಂದರು. ನನಗೆ ಅಣ್ಣಿಗೇರಿ ಒಪ್ಪಿಗೆಯೇ ಇತ್ತು. ಈ ಊರಲ್ಲಿ ನನಗೇನು ಉಳಿದಿದೆ?

ಸಂಜೆ ದುಂಡವ್ವನವರ ಮನೆಗೆ ಹೋದೆ. ಎಲ್ಲರೂ ಅಲ್ಲೇ ಕೂಡಿದರು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಒಳಗೆ ಹೋಗಿ ಮಾತಾಡಿಕೊಂಡರು. ಅರ್ಧ ತಾಸು ಹಿಡಿಯಿತು. ಹೊರಗೆ ಬಂದು ದುಂಡವ್ವ, ನಾಲ್ಕು ಮಾತು ಅವೆ, ಬರೆದುಕೊಳ್ಳಿರಿ ಎಂದರು.

ಬಾವಿಗೆ ತಮ್ಮ ಕೈ ಹತ್ತಬೇಕು, ಅದನ್ನು ಯಾಕೂಬಸಾಬರ ಬಾಯಿಂದಲೇ ಕೇಳಬೇಕು. ಮರೆವ್ವನವರಿಗೆ ಗಂಡು ಹೂವಿನ ಕೆಲಸವೇ ಇರಬೇಕು, ಕೂಲಿ ಕಡಿಮೆ ಮಾಡಬಾರದು. ಕೂಸು ಇದ್ದವಳನ್ನು ಹೊತ್ತಿಗೆ ಸರಿಯಾಗಿ ಬಿಡಬೇಕು. ಬರೆದುಕೊಂಡೆ.

“ನಾಕನೇದು, ಸಾಹೇಬರು ಮತ್ತ ಯಾರನ್ನರ ಕಳಸ್ತೀವಿ ಅಂದ್ರ ನಾವು ಬರೂದಿಲ್ಲ. ಮ್ಯಾಲೆ ನೋಡಾಕ ನೀವೇ ಇರಬೇಕ್ರಿ.”

ಅಣ್ಣಿಗೇರಿಯ ಮಾತು ಅವರಿಗೆ ಹೇಳಿರಲಿಲ್ಲ. ಹೇಳಲೂ ಇಲ್ಲ. ಸ್ವಲ್ಪ ಹೊತ್ತು ಅಕ್ಷರ ಕಾಣಲಿಲ್ಲ. ಆಮೇಲೆ ನಾಲ್ಕನೆಯದನ್ನೂ ಬರೆದೆ. ಕೆಳಗೆ ಹನ್ನೆರಡು ಹೆಬ್ಬೆಟ್ಟು ಬಿದ್ದವು. ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ, ಮರೆವ್ವನವರ ಹೆಬ್ಬೆಟ್ಟಿನ ಕೆಳಗೆ ನನ್ನ ಸಹಿ ಹಾಕಿದೆ. ಯಾಕೂಬಸಾಬರ ಮನೆಯಲ್ಲಿ ಕಾಯುತ್ತಿದ್ದ ಸಾಹೇಬರು ಓದಿ, ಅಣ್ಣಿಗೇರಿಗೆ ಬೇರೆಯವರನ್ನು ಹುಡುಕಬೇಕಾತು ಎಂದು ಹಾಳೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

ನಾಳೆ ಬೆಳಿಗ್ಗೆ ಏಳಕ್ಕೆ ಯಾಕೂಬಸಾಬರ ಹೊಲ ನೋಡಲು ಹೋಗುವುದು. ಹದಿಮೂರು ಮಂದಿ.